ವಾಲರೂ ಎಂಬ ಪ್ರಾಣಿ, ವಾಲರೂ ಎಂಬ ಊರು

ಬ್ರಚೀನಾ ಕಮರಿ, ಫ್ಲಿಂಡರ್ಸ್ ಬೆಟ್ಟಸಾಲು, ದಕ್ಷಿಣ ಆಸ್ಟ್ರೇಲಿಯ. ಸಂಜೆ.

ಬಂಡೆಯ ನೆರಳಿನಿಂದ ಅದು ಹೊರಬಂದಾಗ ಕಾಂಗರೂ ಎಂದೇ ತಿಳಿದೆ. ಆದರೆ ನಿಂತ ಭಂಗಿ ಬೇರೆ. ಭುಜ ಹಿಂದಕ್ಕೆ, ಮೊಣಕೈ ಪಕ್ಕೆಗೆ ಒತ್ತಿಕೊಂಡು, ಮಣಿಕಟ್ಟು ಮೇಲಕ್ಕೆ. ಕುಸ್ತಿಗೆ ಇಳಿಯುವ ಮುನ್ನ ಪೈಲ್ವಾನ್ ಅಖಾಡದ ಅಂಚಿನಲ್ಲಿ ನಿಲ್ಲುತ್ತಾನಲ್ಲ, ಹಾಗೆ. ಒರಟು ಕೂದಲು, ಮಣ್ಣಿನದೇ ಕೆಂಪು. ಮೂಗಿನ ತುದಿ ಮಾತ್ರ ಕೂದಲಿಲ್ಲದೆ ಕಪ್ಪಗೆ ಬೋಳಾಗಿತ್ತು. ಜೊತೆಗೆ ಇನ್ನೊಂದಿಲ್ಲ, ಹಿಂಡಿಲ್ಲ. ನನ್ನನ್ನು ನೋಡಿತು, ಗಾಬರಿಯಾಗಲಿಲ್ಲ. ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತಾ ಮೇಲಿನ ಪೊಟರೆ ಸೇರಿಕೊಂಡಿತು.

ಪಕ್ಕದ ಕಾರಿನವರು ‘ಯೂರೋ’ ಎಂದರು. ನನ್ನ ಕೈಲಿದ್ದ ಪುಸ್ತಕದಲ್ಲಿ ‘ವಾಲರೂ’ ಎಂದಿತ್ತು. ಎರಡೂ ಸರಿಯಂತೆ. ಈ ಕಡೆಯ ಕೆಂಪು ಬಗೆಗೆ ಯೂರೋ ಎನ್ನುತ್ತಾರೆ. ಇದೇ ಬೆಟ್ಟಗಳ ಆದ್ನಿಯಾಮಥನ್ಹಾ ಜನರ ನುಡಿಯಿಂದ ಬಂದ ಪದ ಎನ್ನುತ್ತವೆ ನಿಘಂಟುಗಳು. ಯುರೋಪಿಗೂ ಅದರ ನಾಣ್ಯಕ್ಕೂ ಏನೂ ಸಂಬಂಧವಿಲ್ಲ. ಪೂರ್ವದ ಬೆಟ್ಟಗಳಲ್ಲಿ ಇದರದೇ ಜಾತಿಯ ಗಂಡು ಹೆಚ್ಚುಕಡಿಮೆ ಕಪ್ಪು, ಜೂಲು ಇನ್ನೂ ದಟ್ಟ. ಅಲ್ಲಿ ವಾಲರೂ ಎಂಬ ಹೆಸರೇ ಬಳಕೆಯಲ್ಲಿದೆ.

ಗಾತ್ರದಲ್ಲಿ ಕಾಂಗರೂಗಿಂತ ಚಿಕ್ಕದು, ವಾಲಬಿಗಿಂತ ದೊಡ್ಡದು. ಗಂಡು 60 ಕೆಜಿ ಮುಟ್ಟಬಲ್ಲದು, ಹೆಣ್ಣು ಅದರ ಅರ್ಧಕ್ಕೂ ಕಡಿಮೆ. ಅದಕ್ಕೇ ಇರಬೇಕು, ‘ವಾಲಬಿ’ಯ ತಲೆಗೆ ‘ಕಾಂಗರೂ’ವಿನ ಬಾಲ ಅಂಟಿಸಿ ‘ವಾಲರೂ’ ಮಾಡಿದ್ದಾರೆ ಎಂದು ಎಷ್ಟೋ ಜನ ನಂಬಿದ್ದಾರೆ. ಈ ಸಂಜೆಯವರೆಗೆ ನಾನೂ ನಂಬಿದ್ದೆ.

———

ರಾತ್ರಿ, ಅದೇ ದಿನ.

ಅಂಟಿಸಿದ್ದಲ್ಲ. ಸಿಡ್ನಿ ಸುತ್ತಿನ ಮೂಲನಿವಾಸಿಗಳಾದ ಧರುಗ್ ಜನರ ನುಡಿಯಲ್ಲಿ ಈ ಪ್ರಾಣಿಯ ಹೆಸರೇ ‘ವಲರು’. ಇಂಗ್ಲಿಷರು ಕೇಳಿದಂತೆ ಬರೆದುಕೊಂಡರು. ಪ್ರಾಣಿಶಾಸ್ತ್ರಜ್ಞ ಜಾನ್ ಗೌಲ್ಡ್ 1841ರಲ್ಲಿ ಇದನ್ನು ವಿಜ್ಞಾನದ ದಫ್ತರಿಗೆ ಸೇರಿಸಿ ‘ರೊಬಸ್ಟಸ್’, ಅಂದರೆ ಗಟ್ಟಿಮುಟ್ಟಾದದ್ದು, ಎಂದು ಹೆಸರಿಟ್ಟ. ಇದರ ಕುಲಕ್ಕೆ ಅವನೇ ಕೊಟ್ಟ ‘ಆಸ್ಫ್ರಾಂಟರ್’ ಎಂಬ ಹೆಸರು ಗ್ರೀಕ್ ಮೂಲದ್ದು, ಮೂಸುವವನು ಎಂಬ ಅರ್ಥದ್ದು. ಆ ಬೋಳು ಮೂಗು ಅವನ ಕಣ್ಣಿಗೂ ಬಿದ್ದಿತ್ತು ಎಂದು ಓದಿ ಸಂತೋಷವಾಯಿತು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ನಾಳೆ ಆಡಿಲೇಡಿಗೆ ವಾಪಸಾಗುವ ದಾರಿಯಲ್ಲಿ ವಾಲರೂ ಅನ್ನೋ ಊರಿಗೇ ಹೋಗ್ತೀನಿ ಅಂತ.

“ಪ್ರಾಣಿ ಹೆಸರು ಊರಿಗೆ ಯಾಕಿಟ್ರಪ್ಪಾ? ಅಲ್ಲಿ ಜಾಸ್ತಿ ಇದಾವಾ?”

“ಇರಬೇಕಮ್ಮಾ, ನೋಡಿ ಹೇಳ್ತೀನಿ.”

———

ವಾಲರೂ, ಯಾರ್ಕ್ ಪರ್ಯಾಯದ್ವೀಪ.

ಆಡಿಲೇಡಿನಿಂದ ವಾಯವ್ಯಕ್ಕೆ ಸುಮಾರು 160 ಕಿ.ಮೀ. ಸ್ಪೆನ್ಸರ್ ಕೊಲ್ಲಿಯ ದಡದ ಸಣ್ಣ ಬಂದರು. ಕಣ್ಣು ಹಾಯುವಷ್ಟೂ ಚಪ್ಪಟೆ ನೆಲ, ಗೋಧಿ ಹೊಲ, ಧಾನ್ಯದ ಬೃಹತ್ ಸೈಲೋಗಳು, ಸಮುದ್ರದೊಳಕ್ಕೆ ಚಾಚಿಕೊಂಡ ಉದ್ದನೆ ಜೆಟ್ಟಿ. ಬೆಟ್ಟವಿಲ್ಲ, ಬಂಡೆಯಿಲ್ಲ, ಗುಹೆಯಿಲ್ಲ. ನಿನ್ನೆ ನೋಡಿದ ಪ್ರಾಣಿ ಬಿಸಿಲೇರಿದಾಗ ಬಂಡೆ ಪೊಟರೆಯ ತಂಪಿನಲ್ಲಿ ಕೂತು ಮೈಯ ನೀರು ಉಳಿಸಿಕೊಳ್ಳುವಂಥದ್ದು. ಅದು ಇಲ್ಲಿ ಎಲ್ಲಿ ಕೂತೀತು?

ಜೆಟ್ಟಿಯ ಮೇಲೆ ವಯಸ್ಸಾದವರೊಬ್ಬರು ಬಲೆ ಇಳಿಬಿಟ್ಟು ನೀಲಿ ಏಡಿ ಹಿಡಿಯುತ್ತಿದ್ದರು. ಊರಿಗೆ ಈ ಹೆಸರು ಆ ಪ್ರಾಣಿಯಿಂದಲೇ ಬಂತೇ ಎಂದು ಕೇಳಿದೆ. ಅವರು ನಕ್ಕುಬಿಟ್ಟರು. ಪ್ರಾಣಿಯಿಂದಲ್ಲ, ಬೇರೊಂದು ಪ್ರಾಣಿಯ ಉಚ್ಚೆಯಿಂದ, ಎಂದರು. ಬಲೆ ಮೇಲೆ ಬರುವವರೆಗೂ ನಗುತ್ತಲೇ ಇದ್ದರು.

ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡೆ. ತಮಾಷೆಯಲ್ಲ. ಈ ನೆಲ ನರುಂಗ ಜನರದು. ಅವರ ನುಡಿಯಲ್ಲಿ ‘ವಡ್ಲ’ ಅಂದರೆ ವಾಲಬಿ, ‘ವಾರು’ ಅಂದರೆ ಮೂತ್ರ. ವಡ್ಲ ವಾರು.

ಅಲ್ಲಿಗೆ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಪ್ರಾಣಿಯ ಹೆಸರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಧರುಗ್ ನುಡಿಯದು. ಊರಿನ ಹೆಸರು ನರುಂಗ ನುಡಿಯದು, ಅದೂ ಬೇರೊಂದು ಪ್ರಾಣಿಯನ್ನು ಕುರಿತದ್ದು. ಒಂದು ಒಂಟಿ ಪದ, ಇನ್ನೊಂದು ಜೋಡಿ ಪದ. ಎರಡಕ್ಕೂ ಒಂದೇ ಕಾಗುಣಿತ ಬಂದದ್ದು ಇಂಗ್ಲಿಷ್ ಕಿವಿಯಿಂದ, ಇಂಗ್ಲಿಷ್ ಲೇಖನಿಯಿಂದ.

———

ಆ ನಗು ಮಧ್ಯಾಹ್ನವಿಡೀ ಮನಸ್ಸಿನಲ್ಲಿ ಕೊರೆಯಿತು.

ನಮ್ಮ ಭಾಷೆಯಲ್ಲಿ ಹಸುವಿನದು ಸಗಣಿ, ಕುದುರೆ ಆನೆಗಳದು ಲದ್ದಿ, ಆಡು ಕುರಿಗಳದು ಹಿಕ್ಕೆ. ದನದ ಉಚ್ಚೆಗೆ ಗಂಜಲ ಎಂಬ ಬೇರೆಯೇ ಮಾತು. ಇಷ್ಟೊಂದು ಪದ ಯಾಕೆ ಬೇಕಾಯಿತು? ದನಕರುಗಳ ಜೊತೆ ಬದುಕಿದವರಿಗೆ ಅವು ಒಂದಕ್ಕೊಂದು ಬೇರೆಯಾದ ಸುದ್ದಿಗಳು. ಬೆಳಿಗ್ಗೆ ಕೊಟ್ಟಿಗೆಗೆ ಹೋದ ಅಜ್ಜಿ ಗಂಜಲದ ವಾಸನೆಯ ಮೇಲೇ ಹಸುವಿಗೆ ಮೈ ಸರಿಯಿಲ್ಲ ಎನ್ನುತ್ತಿದ್ದಳು. ಅದನ್ನು ಕೇಳಿ ಮನೆಯಲ್ಲಿ ಯಾರೂ ನಕ್ಕದ್ದಿಲ್ಲ.

ಇದು ಮಳೆ ಕಡಿಮೆಯ, ಹೊಳೆಯೇ ಇಲ್ಲದ ಪ್ರದೇಶ. ಇಂಥಲ್ಲಿ ಸಾವಿರಾರು ವರ್ಷ ಬಾಳಿದವರಿಗೆ ಒಣ ಮಣ್ಣಿನ ಮೇಲೆ ಒಂದು ಪ್ರಾಣಿ ಬಿಟ್ಟುಹೋದ ಒದ್ದೆ ಎಷ್ಟು ವಿಷಯ ಹೇಳಿರಬೇಕು! ಅದು ಬಂದು ಎಷ್ಟು ಹೊತ್ತಾಯಿತು, ಯಾವ ಕಡೆ ಹೋಯಿತು, ಎಷ್ಟಿವೆ, ಬೇಟೆಗೆ ಎಲ್ಲಿ ಕಾಯಬೇಕು. ಈ ಹೆಸರನ್ನು ನಾನು ಓದುವುದು ಹಾಗೆ. ವಾಲಬಿಗಳು ಬರುವ ಜಾಗ ಇದು ಎಂದು ಬಲ್ಲವರು ಇಟ್ಟ ಗುರುತು.

ಇನ್ನೊಂದು ವಿಷಯ ಬರೆದಿಡಬೇಕು. ಈ ಪರ್ಯಾಯದ್ವೀಪದಲ್ಲಿದ್ದ ವಾಲಬಿಗಳಲ್ಲಿ ತಮ್ಮರ್ ಎಂಬುದೊಂದು. ಮೊಲಕ್ಕಿಂತ ಸ್ವಲ್ಪ ದೊಡ್ಡದು. ಅದು ಸಮುದ್ರದ ಉಪ್ಪುನೀರನ್ನೇ ಕುಡಿದು ಬದುಕಬಲ್ಲದು ಎಂದು 1960ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಸಂಶೋಧಕರು ಪರೀಕ್ಷಿಸಿ ತೋರಿಸಿದರು. ಅದರ ಮೂತ್ರಪಿಂಡ ಉಪ್ಪನ್ನು ಅಷ್ಟು ಗಾಢವಾಗಿ ಹೊರಹಾಕುತ್ತದೆ. ಮೂತ್ರ ಎಂದರೆ ಈ ನಾಡಿನ ಪ್ರಾಣಿಗಳಿಗೆ ಬದುಕಿನ ಇಡೀ ಜಾಣ್ಮೆ. ನಗುವ ಮಾತಲ್ಲ.

———

ಹೆಸರು ಮೊಟಕಾದ ಕಥೆ.

1850ರ ದಶಕದಲ್ಲಿ ಇಲ್ಲಿ ಕುರಿ ಸಾಕಿದ ವಲಸಿಗರು ನರುಂಗರ ಬಾಯಿಂದ ಕೇಳಿದ್ದನ್ನು ‘ವಾಲಾ ವಾರೂ’ ಎಂದು ಬರೆದರು. ಉಣ್ಣೆ ಮೂಟೆಯ ಮೇಲೆ ಕುರಿದೊಡ್ಡಿಯ ಹೆಸರಿನ ಅಚ್ಚು ಒತ್ತುವುದು ವಾಡಿಕೆ. ಎರಡು ಪದ ಉದ್ದವಾಯಿತು, ಮೂಟೆಯ ಮೇಲೆ ಹಿಡಿಸಲಿಲ್ಲ. ನಡುವಿನ ಅಕ್ಷರಗಳನ್ನು ಕಿತ್ತು ‘ವಾಲರೂ’ ಮಾಡಿದರು ಎನ್ನುತ್ತದೆ ಸ್ಥಳೀಯ ಇತಿಹಾಸ. ಕಿತ್ತ ಅಕ್ಷರಗಳ ಜೊತೆ ಅರ್ಥವೂ ಉದುರಿತು. ಉಳಿದದ್ದು ಪೂರ್ವದ ಒಂದು ಬೆಟ್ಟದ ಪ್ರಾಣಿಯ ಹೆಸರಿನೊಂದಿಗೆ ಅಕ್ಷರಕ್ಕೆ ಅಕ್ಷರ ಸರಿಹೋಯಿತು.

ನಾನು ಹುಟ್ಟಿದ ಊರು ಬಂಗಾರಪೇಟೆ. ಪಕ್ಕದಲ್ಲೇ ಕೋಲಾರದ ಚಿನ್ನದ ಗಣಿ. ಬಂಗಾರ ಸಿಗುವ ಸೀಮೆಯ ಪೇಟೆ, ಆದ್ದರಿಂದ ಬಂಗಾರಪೇಟೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಎದೆಯುಬ್ಬಿಸಿ ಹೀಗೇ ಹೇಳುತ್ತಿದ್ದೆವು. ಆಮೇಲೆ ಹಳೆಯ ಗ್ಯಾಜೆಟಿಯರ್ ನೋಡಿದಾಗ ಅದರಲ್ಲಿದ್ದದ್ದು ‘ಬೌರಿಂಗ್‌ಪೇಟೆ’. 1860ರ ದಶಕದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರು. ಜನರ ನಾಲಿಗೆ ಅದನ್ನು ಬಂಗಾರ ಮಾಡಿಕೊಂಡಿತು. ಗೊತ್ತಾದ ದಿನ ಏನೋ ಕಳೆದುಕೊಂಡಂತಾಗಿತ್ತು. ಈಗ ಯೋಚಿಸಿದರೆ ಅಲ್ಲಿ ನಮ್ಮ ಜನ ಪರಕೀಯ ಹೆಸರೊಂದನ್ನು ತಮ್ಮ ಅರ್ಥಕ್ಕೆ ಒಗ್ಗಿಸಿಕೊಂಡರು. ಇಲ್ಲಿ ಆದದ್ದು ತಿರುವುಮುರುವು. ಅರ್ಥವಿದ್ದ ಹೆಸರು ಅರ್ಥ ಕಳೆದುಕೊಂಡಿತು, ಹೇಳಿಕೊಟ್ಟ ನರುಂಗರನ್ನು ಯಾರೂ ಕೇಳಲಿಲ್ಲ.

———

ಕದೀನಾ, ವಾಲರೂಗೆ ಹತ್ತು ಕಿ.ಮೀ.

ಇದರ ಪಕ್ಕದ ಬಡಾವಣೆಯ ಹೆಸರು ‘ವಾಲರೂ ಮೈನ್ಸ್’. ಗಣಿ ಇದ್ದದ್ದು ಇಲ್ಲಿ, ಹೆಸರು ಮಾತ್ರ ಕಡಲತಡಿಯ ಊರಿನದು. ಎಲ್ಲಕ್ಕೂ ಮೂಲ ವಾಲ್ಟರ್ ವಾಟ್ಸನ್ ಹ್ಯೂಸ್‌ನ ಕುರಿ ಜಮೀನು. 1859ರ ಕೊನೆಯಲ್ಲಿ ಅವನ ಕುರುಬ ಜೇಮ್ಸ್ ಬೂರ್ ಇಲ್ಲಿ ತಾಮ್ರದ ಅದಿರು ಕಂಡ. 1861ರಲ್ಲಿ ದಕ್ಷಿಣಕ್ಕೆ ಮೂಂಟಾದಲ್ಲಿ ಇನ್ನೊಬ್ಬ ಕುರುಬ ಪ್ಯಾಟ್ರಿಕ್ ರಯನ್‌ಗೆ ಇನ್ನೂ ಶ್ರೀಮಂತವಾದ ನಿಕ್ಷೇಪ ಸಿಕ್ಕಿತು. ವಾಂಬ್ಯಾಟ್ ತೋಡಿ ಹೊರಹಾಕಿದ್ದ ಬಿಲದ ಮಣ್ಣಿನಲ್ಲಿ ಹಸಿರು ಕಲ್ಲು ಕಂಡಿತಂತೆ. ವಾಂಬ್ಯಾಟ್ ಕೂಡ ಹೊಟ್ಟೆಚೀಲದ ಪ್ರಾಣಿಯೇ. ಮೂಂಟಾದ ಮೊದಲ ಅದಿರು ಎತ್ತಿಕೊಟ್ಟದ್ದು ಅದು, ಊರಿಗೆ ಹೆಸರು ಕೊಟ್ಟದ್ದು ವಾಲಬಿ, ಜನ ನೆನೆಯುವುದು ಇಲ್ಲಿಲ್ಲದ ವಾಲರೂವನ್ನು!

ತಾಮ್ರ ಸಿಕ್ಕಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಹಡಗು ಹಡಗಾಗಿ ಬಂದರು. ಅದಿರು ಕರಗಿಸುವ ಕುಲುಮೆಗಳು ವಾಲರೂ ಬಂದರಿನಲ್ಲಿ, ಅಲ್ಲಿನ ಕೆಲಸಗಾರರಲ್ಲಿ ವೇಲ್ಸ್‌ನವರು ಹೆಚ್ಚು. ಕುಲುಮೆಗೆ ಕಲ್ಲಿದ್ದಲು ಪೂರ್ವ ಕರಾವಳಿಯ ನ್ಯೂಕಾಸಲ್‌ನಿಂದ ಹಡಗಿನಲ್ಲಿ ಬರುತ್ತಿತ್ತು. ಹ್ಯೂಸ್ ಹೆಸರಿನ ಹೊಗೆಕೊಳವೆ ಇವತ್ತೂ ನಿಂತಿದೆ. 3 ಲಕ್ಷಕ್ಕೂ ಹೆಚ್ಚು ಇಟ್ಟಿಗೆ, ಬುಡದಲ್ಲಿ ಒಂದೊಂದು ಬದಿಯೂ 7 ಮೀಟರಿಗೆ ಮೇಲೆ. ಹ್ಯೂಸ್ ಈ ತಾಮ್ರದಿಂದ ಗಳಿಸಿದ ಹಣದಲ್ಲಿ 20,000 ಪೌಂಡ್ ಕೊಟ್ಟು ಆಡಿಲೇಡ್ ವಿಶ್ವವಿದ್ಯಾಲಯದ ಸ್ಥಾಪನೆಗೆ ನೆರವಾದ. 1923ರಲ್ಲಿ ಗಣಿಗಳೂ ಕುಲುಮೆಗಳೂ ಮುಚ್ಚಿದವು.

ಮೂಂಟಾದ ತ್ಯಾಜ್ಯ ಮಣ್ಣಿನ ದಿಬ್ಬಗಳ ಮುಂದೆ ಕಾರು ನಿಲ್ಲಿಸಿದವನು ಬಹಳ ಹೊತ್ತು ಇಳಿಯಲೇ ಇಲ್ಲ. ಬಣ್ಣ ಬೇರೆ. ಮಿಕ್ಕಂತೆ ಅವೇ. ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬಗಳು. ಹುಲ್ಲೂ ಹುಟ್ಟದ, ಗಾಳಿಗೆ ಪುಡಿ ಏಳುವ, ಮಳೆಗೆ ಸೀಳುಬಿಟ್ಟ ದಿಬ್ಬಗಳು. ಗಣಿಯ ಮೇಲಧಿಕಾರಿಯನ್ನು ಇಲ್ಲಿ ‘ಕ್ಯಾಪ್ಟನ್’ ಎನ್ನುತ್ತಿದ್ದರು. ಮೂಂಟಾ ಗಣಿಯನ್ನು ಬಹುಕಾಲ ನಡೆಸಿದ ಹ್ಯಾನ್‌ಕಾಕ್ ಇಂದಿಗೂ ಕ್ಯಾಪ್ಟನ್ ಹ್ಯಾನ್‌ಕಾಕ್. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದ ನನ್ನ ತಾತ ಹಳೆಯ ದೊರೆಗಳ ಮಾತು ಬಂದಾಗ ‘ಕ್ಯಾಪ್ಟನ್ ಸಾಹೇಬ್ರು’ ಎನ್ನುತ್ತಿದ್ದದ್ದು ನೆನಪಿದೆ. ಮಿಲಿಟರಿಯವರಿರಬೇಕು ಎಂದುಕೊಂಡಿದ್ದೆ. ಅದು ಕಾರ್ನಿಷ್ ಗಣಿಯ ಪದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಗಣಿಗಳನ್ನು ವಹಿಸಿಕೊಂಡ ಮೇಲೆ ಅಲ್ಲಿಗೂ ಕಾರ್ನ್‌ವಾಲ್‌ನವರೇ ಬಂದಿದ್ದರು.

ಅಮ್ಮನಿಗೆ ಇದನ್ನು ಹೇಳಿದರೆ ಅವಳು ಕೇಳಿದ್ದು ಒಂದೇ ಮಾತು. “ಅಲ್ಲಿ ಮುಚ್ಚಿದ ಮೇಲೆ ಆ ಜನ ಎಲ್ಲಿಗೆ ಹೋದ್ರು?” ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಮಾವ ಆ ತಾರೀಖು ಎಂದೂ ಮರೆಯಲಿಲ್ಲ.

———

ಬಿಡಿ ಟಿಪ್ಪಣಿ. ‘ವಾಲರೂ’ ಹೆಸರಿನ ಸರಣಿ.

ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯ ನೌಕಾಪಡೆಗೆ ‘ವಾಲರೂ’ ಎಂಬ ಯುದ್ಧನೌಕೆ ಇತ್ತು. ಬ್ಯಾಥರ್ಸ್ಟ್ ವರ್ಗದ್ದು. ಆ ವರ್ಗದ ಹಡಗುಗಳಿಗೆ ಊರುಗಳ ಹೆಸರಿಡುತ್ತಿದ್ದರು, ಹಾಗಾಗಿ ಅದು ಈ ಬಂದರಿನ ಹೆಸರು. 1943ರ ಜೂನ್ 11ರಂದು ಫ್ರೀಮ್ಯಾಂಟಲ್ ಆಚೆ ಅಮೆರಿಕದ ಸರಕು ಹಡಗೊಂದಕ್ಕೆ ಡಿಕ್ಕಿಯಾಗಿ ಮುಳುಗಿತು. ಮೂವರು ಸತ್ತರು. ಇದೇ ವರ್ಗದ ನಾಲ್ಕು ಹಡಗು ಆಗಿನ ರಾಯಲ್ ಇಂಡಿಯನ್ ನೇವಿಗೂ ಬಂದವು: ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್.

ಆಸ್ಟ್ರೇಲಿಯದ ಮಹಿಳಾ ರಗ್ಬಿ ತಂಡ ‘ವಾಲರೂಸ್’. 1994ರಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿತು. ಅದು ಪ್ರಾಣಿಯ ಹೆಸರು.

ಕ್ಯಾನ್‌ಬೆರಾ ಹತ್ತಿರ ನ್ಯೂ ಸೌತ್ ವೇಲ್ಸ್‌ನಲ್ಲಿ ಒಂದು ವಾಲರೂ, ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ ಇನ್ನೊಂದು. ಎರಡೂ ಆ ಪ್ರಾಣಿ ನಿಜಕ್ಕೂ ಓಡಾಡುವ ಸೀಮೆಗಳು. ಹೆಚ್ಚು ಜನಕ್ಕೆ ಗೊತ್ತಿರುವುದು ಮಾತ್ರ ಈ ಬಂದರೇ.

———

ಪ್ರಾಣಿಗಳ ಹೆಸರು ಈ ಖಂಡದಲ್ಲಿ ತಪ್ಪಿದ ದಾರಿಗಳು ಒಂದೆರಡಲ್ಲ.

‘ಕಾಂಗರೂ’ ಎಂದರೆ ‘ನನಗೆ ಗೊತ್ತಿಲ್ಲ’ ಎಂದರ್ಥ ಎಂಬ ಕಥೆಯನ್ನು ನಮ್ಮ ಮೇಷ್ಟರೂ ಹೇಳಿದ್ದರು. ಅದು ಸುಳ್ಳು. 1770ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗು ಉತ್ತರದ ಎಂಡೆವರ್ ನದಿಯಲ್ಲಿ ತಂಗಿದ್ದಾಗ ಗೂಗು ಯಿಮಿದಿರ್ ಜನ ಒಂದು ಬಗೆಯ ದೊಡ್ಡ ಕಾಂಗರೂವಿಗೆ ತಾವು ಹೇಳುತ್ತಿದ್ದ ‘ಗಂಗುರು’ ಎಂಬ ಹೆಸರನ್ನು ಸರಿಯಾಗಿಯೇ ಹೇಳಿಕೊಟ್ಟಿದ್ದರು. 1788ರಲ್ಲಿ ಇಂಗ್ಲಿಷರು ಅದೇ ಪದ ಹಿಡಿದು ಸಿಡ್ನಿಗೆ ಬಂದರು. ಅಲ್ಲಿನ ನುಡಿ ಬೇರೆ. ಅಲ್ಲಿಯವರು ಇದನ್ನು ಇಂಗ್ಲಿಷ್ ಪದವೆಂದು ತಿಳಿದು, ಬಿಳಿಯರ ದನ ಕುರಿಗಳನ್ನು ತೋರಿಸಿ ಇವೂ ಕಾಂಗರೂಗಳೇ ಎಂದು ಕೇಳಿದರಂತೆ. ಇದನ್ನು ಓದಿದಾಗ ಯಾವ ಕಡೆಯವರ ಮೇಲೂ ನಗು ಬರಲಿಲ್ಲ. ಎರಡೂ ಕಡೆಯವರು ಇನ್ನೊಬ್ಬರ ಮಾತನ್ನು ಗೌರವದಿಂದ ಬಳಸಲು ಹೊರಟವರೇ.

ಇನ್ನು ಬ್ಯಾಂಡಿಕೂಟ್. ಉದ್ದ ಮೂತಿಯ, ನೆಲ ಕೆದಕಿ ಹುಳ ಹುಪ್ಪಟೆ ತಿನ್ನುವ ಹೊಟ್ಟೆಚೀಲದ ಪ್ರಾಣಿ. ಹೆಸರು ತೆಲುಗಿನ ‘ಪಂದಿಕೊಕ್ಕು’. ಪಂದಿ ಎಂದರೆ ನಮ್ಮ ಹಂದಿ, ಕೊಕ್ಕು ಎಂದರೆ ದೊಡ್ಡ ಇಲಿ. ನಾವು ಹೆಗ್ಗಣ ಅನ್ನುವುದು ಇದನ್ನೇ. ಇಂಡಿಯಾದಲ್ಲಿ ಹೆಗ್ಗಣ ನೋಡಿದ್ದ ಇಂಗ್ಲಿಷರು ಸಂಬಂಧವೇ ಇಲ್ಲದ ಈ ಪ್ರಾಣಿಗೂ ಅದೇ ಹೆಸರು ಹಚ್ಚಿದರು. ಪಶ್ಚಿಮ ಆಸ್ಟ್ರೇಲಿಯದ ಬ್ಯಾರೋ ದ್ವೀಪದಲ್ಲಿ ‘ಬ್ಯಾಂಡಿಕೂಟ್ ಬೇ’ ಎಂಬ ಕೊಲ್ಲಿಯಿದೆ. ಬಂಗಾರಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ತೆಲುಗರು ಬೋನಿಟ್ಟು ಬೈಯುತ್ತಿದ್ದ ಆ ಪದ ಹಿಂದೂ ಮಹಾಸಾಗರ ದಾಟಿ ಭೂಪಟವೇರಿ ಕೂತಿದೆ. ಅದೇ ದ್ವೀಪದಲ್ಲಿ ಒಂದು ಕುಳ್ಳು ಬಗೆಯ ವಾಲರೂ ಕೂಡ ಇದೆ, ಲೋಕದಲ್ಲಿ ಬೇರೆಲ್ಲೂ ಇಲ್ಲದ್ದು.

———

ಕೊನೆಗೆ ನನ್ನನ್ನು ಹೆಚ್ಚು ಕಾಡಿದ್ದು ‘ವಡ್ಲ’ ಏನಾಯಿತು ಎಂಬ ಪ್ರಶ್ನೆ.

ಕಾಡು ಕಡಿದು ಗೋಧಿ ಹಾಕಿದರು. ನರಿ ಬಂತು, ಬೆಕ್ಕು ಬಂತು, ಬಂದೂಕಂತೂ ಇದ್ದೇ ಇತ್ತು. 20ನೇ ಶತಮಾನದ ಮೊದಲ ದಶಕಗಳಲ್ಲೇ ದಕ್ಷಿಣ ಆಸ್ಟ್ರೇಲಿಯದ ಮುಖ್ಯನೆಲದಿಂದ ತಮ್ಮರ್ ಇಲ್ಲವಾಯಿತು. ಹೆಸರು ಉಳಿಯಿತು, ಹೆಸರಿನ ಪ್ರಾಣಿ ಹೋಯಿತು.

ಆದರೆ ಪೂರ್ತಿ ಹೋಗಿರಲಿಲ್ಲ. ಹಿಂದೆ ಇಲ್ಲಿ ಗವರ್ನರ್ ಆಗಿದ್ದ ಜಾರ್ಜ್ ಗ್ರೇ ಮುಂದೆ ನ್ಯೂಜಿಲೆಂಡಿಗೆ ಹೋಗಿ ಕವಾವ್ ಎಂಬ ದ್ವೀಪ ಕೊಂಡು, ಪ್ರಾಣಿ ಪಕ್ಷಿಗಳನ್ನು ದೂರದೂರದಿಂದ ತರಿಸಿ ಸಾಕಿದ್ದ. ಅವುಗಳಲ್ಲಿ ತಮ್ಮರ್‌ಗಳೂ ಇದ್ದವು. ಅಲ್ಲಿ ಅವು ಬೆಳೆದು ಪೀಡೆಯಾದವು, ಕೊಲ್ಲುವ ಕಾರ್ಯಾಚರಣೆಯೂ ನಡೆಯಿತು. 1990ರ ದಶಕದ ಕೊನೆಗೆ ವಂಶವಾಹಿ ಪರೀಕ್ಷೆ ಮಾಡಿದವರಿಗೆ ತಿಳಿಯಿತು: ಇವು ದಕ್ಷಿಣ ಆಸ್ಟ್ರೇಲಿಯದ ಮುಖ್ಯನೆಲದಿಂದ ಕಣ್ಮರೆಯಾಗಿದ್ದ ಅದೇ ತಮ್ಮರ್‌ಗಳು. 2003ರಲ್ಲಿ ಕೆಲವನ್ನು ಹಿಡಿದು ವಾಪಸ್ ತಂದರು. ಮೃಗಾಲಯದಲ್ಲಿ ಮರಿ ಮಾಡಿಸಿ 2004ರಿಂದ ಈ ಪರ್ಯಾಯದ್ವೀಪದ ತುದಿಯ ಇನ್ನೆಸ್ ರಾಷ್ಟ್ರೀಯ ಉದ್ಯಾನದಲ್ಲಿ ಬಿಟ್ಟರು.

ಈಗ ಅಲ್ಲಿ ‘ಮರ್ನಾ ಬಂಗರಾ’ ಎಂಬ ಯೋಜನೆ ನಡೆದಿದೆ, ನರುಂಗರೂ ಜೊತೆಗಿದ್ದಾರೆ. ಹೆಸರೂ ಅವರ ನುಡಿಯದೇ. ಪರ್ಯಾಯದ್ವೀಪಕ್ಕೆ ಅಡ್ಡಲಾಗಿ 25 ಕಿ.ಮೀ. ಬೇಲಿ ಹಾಕಿ ನರಿ ಬೆಕ್ಕುಗಳನ್ನು ಹದ್ದುಬಸ್ತಿನಲ್ಲಿಟ್ಟಿದ್ದಾರೆ. 2021ರಲ್ಲಿ ಬೆಟ್ಟಾಂಗ್ ಎಂಬ ಪುಟ್ಟ ಪ್ರಾಣಿಯನ್ನು ಮತ್ತೆ ತಂದು ಬಿಟ್ಟಾಗ ಅದನ್ನು ‘ಯಲ್ಗಿರಿ’ ಎಂದು ನರುಂಗ ಹೆಸರಿನಿಂದಲೇ ಕರೆದರು. ಪ್ರಾಣಿಯ ಜೊತೆ ಹೆಸರೂ ಇಡಿಯಾಗಿ, ಅಕ್ಷರ ಕೀಳದೆ ಮರಳಿತು.

———

ಇನ್ನೆಸ್. ಕತ್ತಲಾಗುವ ಹೊತ್ತು.

ಕುರುಚಲ ಅಂಚಿನಲ್ಲಿ ಕಾರು ನಿಲ್ಲಿಸಿ ಲೈಟು ಆರಿಸಿ ಕಾದೆ. ಸುಮಾರು ಅರ್ಧ ಗಂಟೆ. ಸಮುದ್ರದ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಪೊದೆ ಅಲ್ಲಾಡಿತು. ಬೂದು ಮೈ, ಕೆಂಪು ಛಾಯೆಯ ತೋಳು, ಗುಂಡಗಿನ ಬೆನ್ನು. ತಮ್ಮರ್. ಇನ್ನೊಂದು ಅದರ ಹಿಂದೆ. ದಾರಿಯ ನಡುವೆ ಬಂದು ನಿಂತವು. ಮೊದಲನೆಯದು ಕಿವಿ ತಿರುಗಿಸಿ ನನ್ನತ್ತ ಕೇಳಿಸಿಕೊಂಡಿತು. ಅವಸರವಿಲ್ಲದೆ ದಾಟಿ ಆಚೆಯ ಪೊದೆ ಸೇರಿದವು.

ಇಳಿದು ಟಾರ್ಚ್ ಹಾಕಿದೆ. ಸುಣ್ಣದಂಥ ಬಿಳಿ ಮಣ್ಣಿನ ಮೇಲೆ ಅಂಗೈಯಷ್ಟಗಲ ಒದ್ದೆ. ಅಂಚುಗಳು ಆಗಲೇ ಒಳಕ್ಕೆ ಎಳೆದುಕೊಳ್ಳುತ್ತಿದ್ದವು. ಬಗ್ಗಿ ನೋಡುತ್ತಾ ಕೂತೆ, ಅದು ಪೂರ್ತಿ ಆರುವವರೆಗೂ.